ಬಂದವನಿಗೆ ಬಾಗಿಲು ತೆರೆಯೋಣ



ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಚಿತ್ರೀಕರಣಕ್ಕೆಂದು ಓಡಾಡುವಾಗ ಒಬ್ಬ ತಾಯಿ ನನಗೆ ಹೇಳಿದ ಮಾತಿದು: ‘ಸಾಹೇಬ್ರ, ಮಗ ಹೊರಗ ಬಂದಾನ್ರಿ. ಕೆಲಸಕ್ಕ ಮಾತ್ರ ಯಾರೂ ಕರಿಯಂಗಿಲ್ರಿ.’

ತೊಗರಿ ರಾಶಿ ಮುಗಿದ ಮೇಲೆ ಕೈ ಖಾಲಿ. ಹತ್ತೊಂಬತ್ತರ ಹುಡುಗನೊಬ್ಬ ಗೆಳೆಯರ ಜೊತೆಗೂಡಿ ಭೀಮಾ ದಂಡೆಯ ಹೊಲದಲ್ಲಿ ಪಂಪ್‌ಸೆಟ್ಟಿನ ವೈರು ಕದ್ದು ಸಿಕ್ಕಿಬಿದ್ದ ಎನ್ನಿ. ‘ಜೈಲಿಗೆ ಹಾಕಿ, ಬುದ್ಧಿ ಬರಲಿ’ ಎನ್ನುತ್ತೇವೆ. ವಿಜ್ಞಾನ ಓದಿದ ನನಗೆ ಹೆಪ್ಪಿನ ಮಾತು ನೆನಪಾಗುತ್ತದೆ. ಹೆಪ್ಪು ಎಂಥದೋ ಮೊಸರೂ ಅಂಥದೇ. ಪಳಗಿದ ಕಳ್ಳರ ನಡುವೆ ಕೂಡಿಟ್ಟರೆ ಹುಡುಗ ಕಲಿಯುವುದಾದರೂ ಏನನ್ನು?

ಕಾನೂನು ಇದನ್ನು ಎಂದೋ ಯೋಚಿಸಿದೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಮಿನ ಪ್ರಕಾರ, ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧದಲ್ಲಿ 21 ವರ್ಷದೊಳಗಿನವರನ್ನು ಸುಮ್ಮನೆ ಜೈಲಿಗೆ ಕಳಿಸುವಂತಿಲ್ಲ. ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು; ಸೆರೆವಾಸವೇ ಅನಿವಾರ್ಯವೆಂದಾದರೆ ಕಾರಣ ಬರೆದಿಡಬೇಕು. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಹೆಚ್ಚೆಂದರೆ 3 ವರ್ಷದ ಅವಧಿಗೆ, ಬಿಡುಗಡೆ ಮಾಡಬಹುದು. ವೈರು ಕಳೆದುಕೊಂಡ ರೈತನಿಗೆ ಪರಿಹಾರ ಕೊಡಿಸಲೂ ಅವಕಾಶವಿದೆ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಇನ್ನೊಂದು ದಾರಿ ತೋರಿದೆ. 5,000 ರೂಪಾಯಿಗೆ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ಊರಿಗೆ ಉಪಯೋಗವಾಗುವ ಕೆಲಸವನ್ನು ಕೂಲಿಯಿಲ್ಲದೆ ಮಾಡಬೇಕು.

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಮನೆಯವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ಹುಡುಗನ ವಯಸ್ಸಿನ ದಾಖಲೆ ಕೈಯಲ್ಲಿರಲಿ.

ಆದರೆ ಆ ತಾಯಿಯ ಪ್ರಶ್ನೆಗೆ ಕಲಮುಗಳಲ್ಲಿ ಉತ್ತರ ಸಿಗದು. ಬಾಲನ್ಯಾಯ ಕಾಯ್ದೆಯಡಿ ಪಾಲನಾ ಸಂಸ್ಥೆಯಿಂದ 18ಕ್ಕೆ ಹೊರಬಂದವರಿಗೆ 21ರವರೆಗೆ ಅನುಪಾಲನೆಯ ಆಸರೆಯುಂಟು. ಹದಿನೆಂಟು ದಾಟಿದ ಮೇಲೆ ತಪ್ಪು ಮಾಡಿ ಜೈಲಿಗೆ ಹೋಗಿಬಂದವನು ಆ ಕಾಯ್ದೆಯ ನೆರಳಿಗೆ ಬರುವುದಿಲ್ಲ. ಅವನು ಬಂದು ನಿಲ್ಲುವುದು ನಮ್ಮ ಬಾಗಿಲಿಗೆ. ಆಳಂದದ ಗ್ಯಾರೇಜಿನವರು, ಅಫಜಲಪುರದ ಕಬ್ಬು ಬೆಳೆಗಾರರು, ಜೇವರ್ಗಿಯ ಟ್ರ್ಯಾಕ್ಟರ್ ಮಾಲೀಕರು ಒಬ್ಬೊಬ್ಬನಿಗೆ ಕೆಲಸ ಕೊಟ್ಟರೂ ಸಾಕು. ಕೆಲಸ ಕೊಡುವವರಿಲ್ಲದಿದ್ದರೆ ಹಳೆಯ ಗೆಳೆಯರು ಕರೆಯುತ್ತಾರೆ, ಅವನು ಹೋಗುತ್ತಾನೆ.

ನಿಮ್ಮ ಊರಿನಲ್ಲೂ ಅಂಥವನೊಬ್ಬನಿದ್ದಾನೆಯೇ? ನಾಳೆ ಕೆಲಸಕ್ಕೆ ಕರೆದು ನೋಡಿ.