ನೆರಳಿನ ಗಡಿಯಾರ ಕಲಿಸಿದ ಪಾಠ
(ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ಮೊಕ್ತೇಸರರೊಬ್ಬರು ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿವರೆಗೆ ಓದಿ ಅಂಗಡಿ ಇಟ್ಟವನು, ವಿದ್ವಾಂಸನಲ್ಲ. ಉತ್ತರ ಭಾರತದ ಯಾತ್ರೆಗೆ ಹೋದಾಗ ಜೈಪುರದಲ್ಲಿ ಕಂಡ ಒಂದು ವಿಷಯ ನಮ್ಮ ಜೀರ್ಣೋದ್ಧಾರದ ಕೆಲಸಕ್ಕೂ ಸಲ್ಲುವುದರಿಂದ ತಮ್ಮ ಮುಂದಿಡುತ್ತೇನೆ.

ಅಲ್ಲಿ ಮಹಾರಾಜ ಸವಾಯಿ ಜಯಸಿಂಹನು 1734ರ ಸುಮಾರಿಗೆ ಕಟ್ಟಿಸಿದ ಸಮ್ರಾಟ್ ಯಂತ್ರವೆಂಬ ನೆರಳಿನ ಗಡಿಯಾರವಿದೆ. ಎತ್ತರ ಸುಮಾರು 27 ಮೀಟರ್. ಅದರ ಓರೆಗೋಡೆಯ ಏರು 27 ಡಿಗ್ರಿ. ಜೈಪುರದ ಅಕ್ಷಾಂಶವೂ ಅಷ್ಟೇ. ನಮ್ಮ ಕಾಸರಗೋಡಿನಲ್ಲಿ ಕಟ್ಟುವುದಾದರೆ ಹನ್ನೆರಡೂವರೆ ಡಿಗ್ರಿ ಸಾಕು. ಅಲ್ಲಿಯದನ್ನು ಹಾಗೆಯೇ ನಕಲು ಮಾಡಿದರೆ ಇಲ್ಲಿ ಹೊತ್ತು ತಪ್ಪುತ್ತದೆ.

ಯಂತ್ರದ ನೆರಳಿಗೂ ನಮ್ಮ ಕೈಗಡಿಯಾರಕ್ಕೂ ತಾಳೆಯಾಗಲಿಲ್ಲ. ಯಂತ್ರ ಕೆಟ್ಟಿದೆಯೆಂದು ಜೊತೆಯವರು ನಕ್ಕರು. ಕೆಟ್ಟಿಲ್ಲ! ನೆರಳು ಹೇಳುವುದು ಆ ಊರಿನ ಸೂರ್ಯನ ಹೊತ್ತನ್ನು. ಕೈಗಡಿಯಾರ ಹೇಳುವುದು 1906ರಲ್ಲಿ ಜಾರಿಗೆ ಬಂದ ಭಾರತೀಯ ಕಾಲಮಾನವನ್ನು. ನಮ್ಮ ಊರಿನಲ್ಲೂ ಸೂರ್ಯ ನೆತ್ತಿಗೆ ಬರುವಾಗ ಗಂಟೆ ಸುಮಾರು ಹನ್ನೆರಡೂವರೆ; ದಿನಕ್ಕೆ ತಕ್ಕಂತೆ ತುಸು ಹಿಂದೆ ಮುಂದೆ.

ಇದರಿಂದ ಬರಹದ ಕಾಲವನ್ನೂ ತಿಳಿಯಬಹುದು. ಹಳೆಯ ನೆರಳಿನ ಗಡಿಯಾರದ ಮೇಲೆ ‘ಭಾರತೀಯ ಕಾಲಮಾನಕ್ಕೆ ಇಷ್ಟು ನಿಮಿಷ ಕೂಡಿಸಿ’ ಎಂದು ಕೆತ್ತಿದ್ದರೆ, ಕಲ್ಲು ಎಷ್ಟೇ ಹಳತಾಗಿರಲಿ, ಆ ಬರಹ 1906ಕ್ಕಿಂತ ಹಿಂದಿನದಲ್ಲ. ಕಲ್ಲಿನ ವಯಸ್ಸು ಬೇರೆ, ಅಕ್ಷರದ ವಯಸ್ಸು ಬೇರೆ.

ಜೈಪುರದ ಯಂತ್ರಗಳನ್ನು 1901–02ರಲ್ಲಿ ಲೆಫ್ಟಿನೆಂಟ್ ಗ್ಯಾರೆಟ್ ಎಂಬವರು ಪಂಡಿತ ಚಂದ್ರಧರ ಶರ್ಮಾ ಗುಲೇರಿಯವರ ನೆರವಿನಿಂದ ದುರಸ್ತಿ ಮಾಡಿಸಿದರು. ಆದ್ದರಿಂದ ಈಗ ಕಾಣುವ ಗೆರೆಗಳೆಲ್ಲ ಜಯಸಿಂಹನ ಕಾಲದವೇ ಎನ್ನಲಾಗದು. ಆದರೆ ಅವರು ಆ ಯಂತ್ರಗಳ ವಿಷಯವನ್ನು 1902ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಬಂದವರಿಗೆ ಹೋಲಿಸಿ ನೋಡಲು ಒಂದು ಆಧಾರ ಉಳಿಯಿತು.

ನಾವೇನು ಮಾಡಿದೆವು? ಹಿಂದಿನ ಉತ್ಸವಕ್ಕೆ ಅಂಗಣದ ಶಾಸನಕಲ್ಲು ಚಂದ ಕಾಣಲೆಂದು ಅಕ್ಷರಗಳಿಗೆ ಬಣ್ಣ ತುಂಬಿಸಿದೆವು. ಸವೆದಿದ್ದ ೬ ಅಂಕೆ ೯ ಆಯಿತು. ಇಸವಿ ಮೂವತ್ತು ವರ್ಷ ಮುಂದೆ ಹೋಯಿತು! ಹಳೆಯ ಕಡತದಲ್ಲಿದ್ದ ನಕಲು ಸಿಕ್ಕಿದ ಮೇಲೆ ತಪ್ಪು ತಿಳಿಯಿತು. ಆ ಬಣ್ಣದ ಡಬ್ಬಿ ನನ್ನ ಅಂಗಡಿಯದೇ. ಕುಂಚ ಹಿಡಿದವನ ಹತ್ತಿರ ನಿಂತು ‘ಒಳ್ಳೆಯದಾಯಿತು’ ಎಂದವನೂ ನಾನೇ. ದೇವರ ಮುಂದೆ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಒಂದು ವಿನಂತಿ. ಇನ್ನು ಕಲ್ಲು ಮುಟ್ಟುವ ಮೊದಲು ಫೋಟೋ ತೆಗೆಯೋಣ, ಬಲ್ಲವರಿಂದ ಓದಿಸೋಣ. ಹಳೆಯ ಅಕ್ಷರದ ಮೇಲೆ ನಮ್ಮ ಅಕ್ಷರ ಬೇಡ. ನಾವು ಮಾಡಿದ ದುರಸ್ತಿಯನ್ನು ಬೇರೆ ಕಲ್ಲಿನಲ್ಲಿ ಇಸವಿ ಸಹಿತ ಕೆತ್ತಿಸೋಣ. ಹಿರಿಯರು ಬರೆದದ್ದು ಯಾವುದು, ನಾವು ಬರೆದದ್ದು ಯಾವುದೆಂದು ಮಕ್ಕಳಿಗೆ ತಿಳಿಯಲಿ.