ಅಂಚೆಯಣ್ಣನ ಸಂಖ್ಯೆ ನಕ್ಷೆಗೆ ಏರಿದ ಕಥೆ



ಕರ್ನಾಟಕದಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರುಗಳನ್ನು ಎಣಿಸಹೊರಟರೆ ಸಾಕಾಗಿಹೋಗುತ್ತದೆ. ದೇಶದ ತುಂಬ ಹೀಗೆ ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳ ವಿಳಾಸಗಳು. ಕಾಗದ ವಿಂಗಡಿಸುವವರ ಈ ಪಾಡಿಗೆ ಮದ್ದಾಗಿ 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಕೋಡ್ ಬಂತು. ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಒಬ್ಬ ಕವಿ ಈ ದೇಶಕ್ಕೆ ಭಾಷೆಯ ಹಂಗಿಲ್ಲದ ವಿಳಾಸ ಕೊಟ್ಟರು ಎನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಮೊದಲ ಅಂಕಿ ವಲಯದ್ದು. ನಮಗೂ ಆಂಧ್ರ, ತೆಲಂಗಾಣಗಳಿಗೂ ಅದು 5. ಮೊದಲೆರಡು ಅಂಕಿ 56ರಿಂದ 59ರೊಳಗಿದ್ದರೆ ಕರ್ನಾಟಕ. ಮೂರನೆಯದು ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತದೆ, ಉಳಿದ ಮೂರು ಬಟವಾಡೆಯ ಅಂಚೆ ಕಚೇರಿಯನ್ನು. ಹಳ್ಳಿಗಾಡಿನಲ್ಲಿ ಒಂದು ಕಚೇರಿಯ ಸಂಖ್ಯೆಯನ್ನೇ ಎಷ್ಟೋ ಊರುಗಳು ಹಂಚಿಕೊಂಡಿರುತ್ತವೆ.

ಅಮೆರಿಕದಲ್ಲಿ ಇಂಥದೇ ಜಿಪ್ ಕೋಡ್ 1963ರ ಜುಲೈ 1ರಂದೇ ಬಂದಿತ್ತು. ನಕ್ಷೆಗೆ ಬಣ್ಣ ಹಚ್ಚಿ ಅಂಕಿಅಂಶ ತೋರಿಸುವ ಕಲೆ ಇವೆರಡಕ್ಕಿಂತಲೂ ಹಳೆಯದು. ಫ್ರಾನ್ಸಿನ ಷಾರ್ಲ್ ದ್ಯುಪ್ಯಾಂ 1826ರಲ್ಲೇ ತನ್ನ ದೇಶದ ಯಾವ ಭಾಗದಲ್ಲಿ ಶಿಕ್ಷಣ ಎಷ್ಟಿದೆ ಎಂಬುದನ್ನು ನಕ್ಷೆಯ ಮೇಲೆ ಕಪ್ಪು ಬಿಳುಪಿನ ಛಾಯೆಗಳಲ್ಲಿ ತೋರಿಸಿದ್ದ.

ಕಂಪ್ಯೂಟರ್ ಬಂದ ಮೇಲೆ ಅಂಚೆ ಸಂಖ್ಯೆ, ಬಣ್ಣದ ನಕ್ಷೆ ಎಂಬ ಈ ಎರಡು ಹಾದಿಗಳು ಕೂಡಿದವು. ಬ್ಯಾಂಕು, ಅಂಗಡಿ, ಆಸ್ಪತ್ರೆ, ಯಾರ ಕಡತ ತೆಗೆದರೂ ವಿಳಾಸದ ಕೊನೆಯಲ್ಲಿ ಅಂಚೆ ಸಂಖ್ಯೆ ಸಿದ್ಧವಾಗಿರುತ್ತದೆ. ಟ್ಯಾಬ್ಲೋದಂಥ ತಂತ್ರಾಂಶಕ್ಕೆ ಆ ಕಾಲಂ ತೋರಿಸಿದರೆ ಕ್ಷಣದಲ್ಲಿ ಬಣ್ಣದ ನಕ್ಷೆ. ಅದು ಅಂಚೆ ಸಂಖ್ಯೆಯೆಂದು ಹೇಳಿಕೊಡದಿದ್ದರೆ ಲೆಕ್ಕದ ಸಂಖ್ಯೆಯೆಂದು ತಿಳಿದು ಕೂಡಿಬಿಡುವುದುಂಟು. ಬಾಸ್ಟನ್ನಿನ 02108 ತನ್ನ ಮುಂದಿನ ಸೊನ್ನೆ ಕಳೆದುಕೊಂಡು 2108 ಆಗುವುದೂ ಹೀಗೆಯೇ. ಇವು ತಿದ್ದಿಕೊಳ್ಳಬಹುದಾದ ತಪ್ಪುಗಳು.

ತಿದ್ದುವುದು ಕಷ್ಟವಾದ ತಪ್ಪು ಯಾವುದೆಂದು ತಿಳಿಯಲು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರಕ್ಕೆ ಹೋಗಬೇಕು. 2014ರ ಏಪ್ರಿಲ್‌ನಲ್ಲಿ ಆ ನಗರ ಕುಡಿಯಲು ಫ್ಲಿಂಟ್ ನದಿಯ ನೀರು ಬಳಸತೊಡಗಿತು. ಆ ನೀರು ಹಳೆಯ ಕೊಳವೆಗಳನ್ನು ತಿಂದು ಅವುಗಳ ಸೀಸವನ್ನು ಮನೆಮನೆಗೆ ಹೊತ್ತೊಯ್ದಿತು. ಮಕ್ಕಳ ರಕ್ತದಲ್ಲಿ ಸೀಸ ಏರಿದೆಯೇ ಎಂದು ರಾಜ್ಯದವರು ಜಿಪ್ ಕೋಡ್ ಪ್ರಕಾರ ನೋಡಿದರು. ಗಾಬರಿಪಡುವಂಥದ್ದೇನೂ ಕಾಣಲಿಲ್ಲ. ಆದರೆ ಫ್ಲಿಂಟ್ ಹೆಸರಿನ ಜಿಪ್ ಕೋಡ್ ಇದ್ದ ಮನೆಗಳಲ್ಲಿ ಸುಮಾರು ಮೂರರಲ್ಲೊಂದು ನಗರದ ಗಡಿಯಾಚೆ ಇತ್ತು, ಬೇರೆ ನೀರು ಕುಡಿಯುತ್ತಿತ್ತು. ಆಚೆಯ ಮಕ್ಕಳ ಲೆಕ್ಕ ಬೆರೆತು ಒಳಗಿನ ಮಕ್ಕಳ ವಿಷ ತೆಳುವಾಗಿ ಕಂಡಿತು.

ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಷಾ, ಭೂಗೋಳತಜ್ಞ ರಿಕ್ ಸ್ಯಾಡ್ಲರ್ ಮತ್ತು ಸಂಗಡಿಗರು ಪ್ರತಿ ಮಗುವಿನ ಮನೆಯನ್ನೇ ನಕ್ಷೆಯ ಮೇಲೆ ಗುರುತಿಸಿದರು. ನಗರದೊಳಗೆ ರಕ್ತದಲ್ಲಿ ಹೆಚ್ಚು ಸೀಸವಿದ್ದ ಮಕ್ಕಳ ಪ್ರಮಾಣ ಶೇಕಡ 2.4ರಿಂದ 4.9ಕ್ಕೆ ಏರಿತ್ತು. ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು 2015ರ ಸೆಪ್ಟೆಂಬರ್‌ನಲ್ಲಿ ಮೋನಾ ಅವರು ಬಹಿರಂಗಪಡಿಸಿದರು. ಮುಂದಿನ ತಿಂಗಳು ನಗರ ನದಿಯ ನೀರು ಬಿಟ್ಟು ಹಳೆಯ ನೀರಿಗೆ ಮರಳಿತು.

ಜಿಪ್ ಕೋಡ್ ಅಂಚೆಯವರು ನಡೆಯುವ ದಾರಿಗಳ ಗುಂಪು, ಗಡಿ ಎಳೆದ ಪ್ರದೇಶವಲ್ಲ. ಹಾಗಾಗಿಯೇ ಅಮೆರಿಕದ ಜನಗಣತಿ ಇಲಾಖೆ 2000ದ ಗಣತಿಗೆ ಅದನ್ನು ಹೋಲುವ ಬೇರೆಯೇ ಪ್ರದೇಶಗಳನ್ನು ಕಟ್ಟಿಕೊಂಡಿತ್ತು. ನಮ್ಮ ಪಿನ್ ಕೋಡ್ ಕೂಡ ವಾರ್ಡಿನ ಗಡಿಯನ್ನಾಗಲಿ ಗ್ರಾಮ ಪಂಚಾಯಿತಿಯ ಗಡಿಯನ್ನಾಗಲಿ ಅನುಸರಿಸಿ ಹುಟ್ಟಿದ್ದಲ್ಲ. 2025ರಲ್ಲಿ ನಮ್ಮ ಅಂಚೆ ಇಲಾಖೆ ಡಿಜಿಪಿನ್ ತಂದಿದೆ. ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಹತ್ತು ಅಕ್ಷರ, ಅಂಕಿಗಳ ಗುರುತು ಕೊಡುವ ವ್ಯವಸ್ಥೆ ಅದು. ಆದರೂ ನಮ್ಮ ಕಡತಗಳ ತುಂಬ ಇರುವುದು ಇನ್ನೂ ಪಿನ್ ಕೋಡೇ.

ಡೆಂಗಿಯದೋ ಕುಡಿಯುವ ನೀರಿನದೋ ಲೆಕ್ಕವನ್ನು ಪಿನ್ ಕೋಡ್ ಪ್ರಕಾರ ಬಣ್ಣ ಹಚ್ಚುವ ಕೆಲಸ ನಿಮ್ಮದಾಗಿದ್ದರೆ, ದಯವಿಟ್ಟು ವಾರ್ಡಿನ ನಕ್ಷೆ, ನೀರಿನ ಕೊಳವೆಗಳ ನಕ್ಷೆ ತರಿಸಿ ಪಕ್ಕದಲ್ಲಿಟ್ಟುಕೊಂಡು ನೋಡಿ.