ಹಡಗಿಳಿದ ಮೇಲೆ



ಹೆಬ್ಬೂರಿನಲ್ಲಿ ನಿಂತು ನೌಕಾಪಡೆಯ ಕಥೆ ಹೇಳಹೊರಟವನನ್ನು ಕಂಡು ನಿಮಗೆ ನಗು ಬಂದರೆ ತಪ್ಪಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರಿಗೆ ನೀರೆಂದರೆ ಕೆರೆ. ಕೆರೆ ಕೋಡಿ ಬಿದ್ದ ದಿನ ಅದೇ ನಮ್ಮ ಸಮುದ್ರ. ಮಳೆ ಕೈಕೊಟ್ಟ ವರ್ಷ ಹೇಮಾವತಿ ನಾಲೆಯ ಕಡೆ ಮುಖ ಮಾಡಿ ಕೂರುವ ಜನ ನಾವು. ಆದರೆ ಪಿಂಚಣಿ ಹಿಡಿದು ಊರಿಗೆ ಮರಳಿದ ‘ಮಿಲ್ಟ್ರಿಯವರು’ ನಮಗೆ ಹೊಸಬರಲ್ಲ. ಅವರಿಂದ ಊರು ಬಯಸುವುದೂ ಇಷ್ಟೇ: ಆಗಸ್ಟ್ ಹದಿನೈದಕ್ಕೆ ಬಾವುಟ ಕಟ್ಟಿಕೊಡಬೇಕು, ಹುಡುಗರು ಹಾದಿ ತಪ್ಪಿದರೆ ಗದರಬೇಕು. ಇವತ್ತು ನಾನು ನೆನೆಯುವ ಅಡ್ಮಿರಲ್ ಲಕ್ಷ್ಮೀನಾರಾಯಣ ರಾಮದಾಸ್ ಅಷ್ಟಕ್ಕೆ ನಿಲ್ಲಲಿಲ್ಲ.

ಮುಂಬಯಿಯ ಮಾಟುಂಗಾದಲ್ಲಿ 1933ರ ಸೆಪ್ಟೆಂಬರ್ 5ರಂದು ಹುಟ್ಟಿದ ತಮಿಳು ಮನೆಯ ಮಗ. 1953ರಲ್ಲಿ ನೌಕಾಧಿಕಾರಿ, 1990ರ ನವೆಂಬರ್ ಕೊನೆಯಿಂದ 1993ರ ಸೆಪ್ಟೆಂಬರ್ ಕೊನೆಯವರೆಗೆ ಇಡೀ ನೌಕಾಪಡೆಯ ಮುಖ್ಯಸ್ಥ. 1992ರಲ್ಲಿ ಹೆಣ್ಣುಮಕ್ಕಳು ನೌಕಾಪಡೆಯಲ್ಲಿ ಅಧಿಕಾರಿಗಳಾಗಿ ಕಾಲಿಟ್ಟದ್ದು ಇವರ ಅವಧಿಯಲ್ಲೇ. ನಡುವಿನ ಹುದ್ದೆಗಳ ಪಟ್ಟಿ ಬಿಡುತ್ತೇನೆ.

ಕನ್ನಡ ನೆಲದ ಒಂದು ನಂಟನ್ನು ಮಾತ್ರ ಬಿಡಲಾರೆ. ಅವರ ಮಡದಿ ಲಲಿತಾ ರಾಮದಾಸ್, ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥ ಆರ್. ಡಿ. ಕಟಾರಿಯವರ ಮಗಳು. ಕಟಾರಿಯವರ ಕಾಲದಲ್ಲೇ, 1961ರ ಡಿಸೆಂಬರ್ 18ರಂದು, ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪವನ್ನು ನಮ್ಮ ನಾವಿಕರು ಪೋರ್ಚುಗೀಸರಿಂದ ಬಿಡಿಸಿಕೊಂಡರು. ಏಳು ಮಂದಿ ಅಲ್ಲೇ ಪ್ರಾಣ ಕೊಟ್ಟರು. ಅದಕ್ಕೂ ಮೊದಲು ಆ ದ್ವೀಪದಿಂದ ಹಾರಿದ ಗುಂಡಿಗೆ ಒಬ್ಬ ಮೀನುಗಾರ ಬಲಿಯಾಗಿದ್ದ. ಆ ಮೀನುಗಾರನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅವನ ಬಳಿಗೆ ಬರುತ್ತೇನೆ.

1971ರ ಯುದ್ಧದಲ್ಲಿ ರಾಮದಾಸರಿಗೆ 38 ವರ್ಷ, ಕೈಯಲ್ಲಿ ‘ಬಿಯಾಸ್’ ಎಂಬ ಯುದ್ಧನೌಕೆ. ಪೂರ್ವ ಪಾಕಿಸ್ತಾನದ ಕಡಲದಾರಿಯನ್ನು ಕಟ್ಟಿಹಾಕಿದ ಪಡೆಯಲ್ಲಿ ಅದೂ ಒಂದು. ಆ ಸೇವೆಗೆ ವೀರಚಕ್ರ ಬಂತು. ಹೀಗೆ ಕಾದಿದವರು 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಯಾರೊಡನೆ ಹಂಚಿಕೊಂಡರು ಗೊತ್ತೇ? ಪಾಕಿಸ್ತಾನದ ಪತ್ರಕರ್ತ, ಮಾನವ ಹಕ್ಕುಗಳ ಹೋರಾಟಗಾರ ಐ. ಎ. ರೆಹಮಾನರೊಡನೆ. ನಮ್ಮ ಹೆಗ್ಗೋಡಿನ ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಅದೇ ಪ್ರಶಸ್ತಿ. ವೀರಚಕ್ರಕ್ಕೂ ಇದಕ್ಕೂ ನಡುವಿನ 33 ವರ್ಷಗಳ ದಾರಿಯೇ ನನ್ನ ಇವತ್ತಿನ ವಿಷಯ.

ನಿವೃತ್ತರಾದ ದಂಪತಿ ಮುಂಬಯಿಯಾಚೆಯ ಅಲೀಬಾಗ್ ತಾಲ್ಲೂಕಿನ ಭೈಮಳಾ ಎಂಬ ಹಳ್ಳಿಗೆ ಹೋಗಿ ತೋಟ ಮಾಡಿದರು. ದೊಡ್ಡವರು ತೋಟ ಮಾಡುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ನಮ್ಮ ಹೆದ್ದಾರಿಯ ಇಕ್ಕೆಲದಲ್ಲೂ ಬೇಲಿ ಬಿಗಿದು ನಾಯಿ ಕಟ್ಟಿದ ಬೆಂಗಳೂರಿನವರ ತೋಟಗಳನ್ನು ನೀವೇ ನೋಡುತ್ತಿದ್ದೀರಿ. ಇವರು ಬೇಲಿಯೊಳಗೆ ಉಳಿಯಲಿಲ್ಲ. ಆ ತಾಲ್ಲೂಕು ಸೇರಿದ ರಾಯಗಡ ಜಿಲ್ಲೆಯಲ್ಲಿ ವಿಶೇಷ ಆರ್ಥಿಕ ವಲಯಕ್ಕೆಂದು ರೈತರ ಭೂಮಿಗೆ ನೋಟಿಸು ಬಂದಾಗ ರೈತರ ಪಕ್ಕ ನಿಂತರು. 2008ರ ಸೆಪ್ಟೆಂಬರ್ 21ರಂದು ಹೇಟವಣೆ ಅಣೆಕಟ್ಟಿನ ಅಚ್ಚುಕಟ್ಟಿಗೆ ಸೇರಿದ 22 ಹಳ್ಳಿಗಳಲ್ಲಿ ಸರ್ಕಾರವೇ ಜನರ ಒಪ್ಪಿಗೆ ಕೇಳಿ ಮತ ಹಾಕಿಸಿತು. ನೀರು ಬರುವ ಗದ್ದೆಯನ್ನು ಬಿಡುತ್ತೀರಾ ಎಂದರೆ ಉತ್ತರ ಏನಿದ್ದೀತೆಂದು ನಾಲೆ ಕಾಯುವ ನಿಮಗೆ ನಾನು ಹೇಳಬೇಕಿಲ್ಲ. ಯೋಜನೆ ಮುಂದುವರಿಯಲಿಲ್ಲ.

ಇನ್ನು ಅವರನ್ನು ಹೆಚ್ಚು ಬೈಗುಳಕ್ಕೆ ಗುರಿ ಮಾಡಿದ ಕೆಲಸ. 1998ರಲ್ಲಿ ಭಾರತ, ಪಾಕಿಸ್ತಾನ ಎರಡೂ ಅಣುಬಾಂಬ್ ಸಿಡಿಸಿ ಬೀದಿಯಲ್ಲಿ ಸಿಹಿ ಹಂಚುತ್ತಿದ್ದಾಗ ಈ ಮಾಜಿ ನೌಕಾ ಮುಖ್ಯಸ್ಥರು ಬಾಂಬು ಬೇಡವೆಂದರು. ಶಾಂತಿ ಮತ್ತು ಪ್ರಜಾಪ್ರಭುತ್ವಕ್ಕಾಗಿ ಎರಡೂ ದೇಶಗಳ ಜನ ಕಟ್ಟಿಕೊಂಡಿದ್ದ ವೇದಿಕೆಯ ಭಾರತ ಶಾಖೆಯನ್ನು ಮುನ್ನಡೆಸಿದರು. ಕಾರ್ಗಿಲ್ ಮುಗಿದು ವರ್ಷವೂ ತುಂಬಿರಲಿಲ್ಲ, 2000ದ ಏಪ್ರಿಲ್‌ನಲ್ಲಿ ಆ ವೇದಿಕೆಯ ಸಮಾವೇಶ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

ಆ ವೇದಿಕೆ ಮತ್ತೆ ಮತ್ತೆ ಎತ್ತಿದ ಬೇಡಿಕೆಗಳಲ್ಲಿ ಮೀನುಗಾರರ ಬಿಡುಗಡೆಯೂ ಒಂದು. ಅಂಜದೀವಿನ ಆ ಮೀನುಗಾರ ನೆನಪಿದ್ದಾನಲ್ಲ? ಹೊಲದ ಬದುವಿಗೆ ಕಲ್ಲು ನೆಡಬಹುದು, ನೀರಿಗೆ ನೆಡುವುದೆಲ್ಲಿ? ಮೀನಿನ ಹಿಂದೆ ಹೋದ ಗುಜರಾತಿನ ಬೋಟು ಕರಾಚಿಯ ಜೈಲು ಸೇರುತ್ತದೆ, ಕರಾಚಿಯದು ನಮ್ಮ ಜೈಲು. ಮನೆಯಲ್ಲಿ ದುಡಿಯುವ ಕೈ ಇಲ್ಲದೆ ವರ್ಷಗಳು ಕಳೆಯುತ್ತವೆ. ಕಡಲಗಡಿ ಕಾಯುವುದನ್ನೇ ಕಸುಬು ಮಾಡಿಕೊಂಡಿದ್ದವರು ಈ ಮಾತಾಡಿದಾಗ ಅದಕ್ಕೆ ಬೇರೆಯೇ ತೂಕ ಇತ್ತು.

ಸಮವಸ್ತ್ರ ಕಳಚಿದ ಮೇಲೆ ಮಾತಾಡುವುದು ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಧಿಕಾರಿಯಾಗಿ ಅವರ ಬಾಯಿಗೆ ನಿಯಮದ ಕಟ್ಟಿತ್ತು. ಮನೆಯಲ್ಲಿ ಒಬ್ಬರಿಗೆ ಆ ಕಟ್ಟು ಇರಲಿಲ್ಲ: 1984ರಲ್ಲಿ ದೆಹಲಿಯಲ್ಲಿ ನಡೆದ ಸಿಖ್ಖರ ಹತ್ಯಾಕಾಂಡದ ನಂತರ ಲಲಿತಾ ಪರಿಹಾರ ಶಿಬಿರಗಳಲ್ಲಿ ದುಡಿದರು. ಯಾರು ಯಾರಿಗೆ ದಾರಿ ತೋರಿದರೆಂದು ನನಗೆ ಅನುಮಾನವಿದೆ, ಮತ್ತು ಆ ಅನುಮಾನ ನನಗೆ ಇಷ್ಟ.

ರಾಮದಾಸರು ಎಂಬತ್ತರ ವಯಸ್ಸಿನ ಆಸುಪಾಸಿನಲ್ಲಿ ಒಂದು ಹೊಸ ಪಕ್ಷದ ಆಂತರಿಕ ಲೋಕಪಾಲರಾದರು. 2015ರಲ್ಲಿ ಪಕ್ಷದೊಳಗೇ ಜಗಳ ಎದ್ದಾಗ ನಾಯಕರಿಗೆ ಕಹಿಯಾಗುವಂಥದ್ದನ್ನು ಬರೆದರು. ಪಕ್ಷ ಅವರನ್ನು ಆ ಸ್ಥಾನದಿಂದ ಇಳಿಸಿತು. ಅವರು ಅತ್ತ ಹೋಗದಿದ್ದರೇ ಚೆನ್ನಿತ್ತು ಎನ್ನುವವರ ಪೈಕಿ ನಾನೂ ಒಬ್ಬ.

2024ರ ಮಾರ್ಚ್ 15ರಂದು ಹೈದರಾಬಾದಿನಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ. ಅಧಿಕಾರಿಯಾಗಿ ನಲವತ್ತು ವರ್ಷ, ಆಮೇಲೆ ಬರೀ ನಾಗರಿಕನಾಗಿ ಮೂವತ್ತು. ಕಛ್‌ನ ಸರ್ ಕ್ರೀಕ್ ಬಳಿ ಎರಡೂ ದೇಶಗಳ ನಡುವಿನ ಗಡಿ ಇನ್ನೂ ಇತ್ಯರ್ಥವಾಗಿಲ್ಲ. ಮಳೆಗಾಲ ಕಳೆದೊಡನೆ ಮೀನುಗಾರರ ಬೋಟುಗಳು ಆ ಕಡೆಗೇ ಹೊರಡುತ್ತವೆ.